ಪವಾಡವಿದ್ದವನ ಹೆಗಲಿಗೆ ಜೋಳಿಗೆ

ಹ್ಯಾರಿ ಪಾಟರ್ ಸರಣಿಯ ಏಳನೆಯ ಪುಸ್ತಕ 2007ರಲ್ಲಿ ಬಂತು. ಅದರಲ್ಲಿ ಹ್ಯಾರಿ ಕ್ರಿಸ್‌ಮಸ್ ಹಿಂದಿನ ರಾತ್ರಿ ತನ್ನ ತಂದೆತಾಯಿಯ ಸಮಾಧಿ ಹುಡುಕಿಕೊಂಡು ಹೋಗುತ್ತಾನೆ. ಸಮಾಧಿಯ ಕಲ್ಲಿನ ಮೇಲೆ ಬೈಬಲ್ಲಿನ ಸಾಲೊಂದನ್ನು ಕೊರೆದಿದ್ದಾರೆ. ಅದು ಎಲ್ಲಿಯ ಸಾಲೆಂದು ಹುಡುಗನಿಗೆ ಗೊತ್ತಿಲ್ಲ. ಶತ್ರುಗಳು ಆಡುವ ಮಾತಿನಂತೆ ಕೇಳಿಸಿ ಬೆಚ್ಚುತ್ತಾನೆ. ಮಾಯಾವಿದ್ಯೆಯ ಶಾಲೆಯಲ್ಲಿ ವರ್ಷಗಟ್ಟಲೆ ಓದಿದ್ದಾನೆ, ಪ್ರತಿ ವರ್ಷ ಕ್ರಿಸ್‌ಮಸ್ ಊಟ ಉಂಡಿದ್ದಾನೆ, ಆದರೆ ಅವನಾಗಲಿ ಅವನ ಗೆಳೆಯರಾಗಲಿ ಕೈಮುಗಿದು ಬೇಡಿಕೊಂಡದ್ದನ್ನು ನಾವು ಕಾಣೆವು. ಮಂತ್ರದಂಡ ಕೈಯಲ್ಲಿದ್ದವನಿಗೆ ದೇವರ ಅಗತ್ಯ ಬೀಳುವುದಿಲ್ಲವೇ?

ಈ ಪ್ರಶ್ನೆ ಇಂಗ್ಲಿಷಿನ ಅದ್ಭುತ ಕಥೆಗಳನ್ನು ಬಹಳ ಕಾಲದಿಂದ ಕಾಡಿದೆ. ಟೋಲ್ಕೀನ್ ನಿಷ್ಠಾವಂತ ಕ್ಯಾಥೊಲಿಕ್. ಆದರೂ ಅವರ ದೊಡ್ಡ ಕಾದಂಬರಿಯಲ್ಲಿ ಗುಡಿಯಿಲ್ಲ, ಪೂಜಾರಿಯಿಲ್ಲ. ಪೂಜೆ ಪುನಸ್ಕಾರಗಳನ್ನು ಬೇಕೆಂದೇ ಕೈಬಿಟ್ಟೆ, ಧರ್ಮ ಕಥೆಯೊಳಗೇ ಕರಗಿದೆ ಎಂದು 1953ರಲ್ಲಿ ಪಾದ್ರಿ ಮಿತ್ರರೊಬ್ಬರಿಗೆ ಬರೆದರು. ಉರ್ಸುಲಾ ಲೆ ಗ್ವಿನ್ ಇನ್ನೂ ಮುಂದೆ ಹೋದರು. 1971ರಲ್ಲಿ ಬಂದ ‘ದಿ ಟೂಂಬ್ಸ್ ಆಫ್ ಅಟುವಾನ್’ ಕಾದಂಬರಿಯಲ್ಲಿ ದೇವರು, ಗುಡಿ, ಪೂಜಾರಿಣಿಯರಿರುವ ನಾಡಿಗೆ ಮಾಯಾವಿದ್ಯೆ ನಿಷಿದ್ಧ. ಮಾಯಾವಿದ್ಯೆ ಬಲ್ಲ ದ್ವೀಪಗಳಲ್ಲಿ ಗುಡಿಯ ದೇವರುಗಳಿಗೆ ಅಂಥ ಜಾಗವಿಲ್ಲ. ಶಕ್ತಿ ಒಂದು ಕಡೆ, ಭಕ್ತಿ ಇನ್ನೊಂದು ಕಡೆ, ನಡುವೆ ಸಮುದ್ರ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ಆ ಸಮುದ್ರವೇ ಇಲ್ಲ. ಇಲ್ಲಿನ ಹಳ್ಳಿಗಳಲ್ಲಿ ಮಂಟೇಸ್ವಾಮಿಯ ಒಕ್ಕಲಿನವರಿದ್ದಾರೆ, ಮಾದಪ್ಪನ ಒಕ್ಕಲಿನವರಿದ್ದಾರೆ. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಹಾಡುತ್ತಾರೆ, ಮಾದಪ್ಪನದನ್ನು ದೇವರಗುಡ್ಡರು ಕಂಸಾಳೆ ಹಿಡಿದು. ಎರಡೂ ರಾತ್ರಿಯಿಡೀ ಹಾಡಿದರೂ ಮುಗಿಯದ ಕಾವ್ಯಗಳು. ಇವನ್ನು ಮಾಯಾಕಥೆಗಳ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಹಾಡುವವರಿಗೆ ಇದು ಕಲ್ಪನೆಯಲ್ಲ, ಮನೆದೇವರ ಚರಿತ್ರೆ. ಆದರೆ ಮಾಯೆ ಬಲ್ಲವನ ಭಕ್ತಿ ಎಂಥದು ಎಂಬ ವಿಚಾರವನ್ನು ಇವು ಹಿಡಿದಷ್ಟು ಆಳದಲ್ಲಿ ಬೇರೆಲ್ಲೂ ಹಿಡಿದದ್ದು ನಾನು ಕಂಡಿಲ್ಲ.

ಕನಕಪುರದಿಂದ ಸಾತನೂರು ದಾಟಿ ಮಳವಳ್ಳಿಯ ದಾರಿ ಹಿಡಿದರೆ ಹಲಗೂರು ಸಿಗುತ್ತದೆ. ಮಂಟೇಸ್ವಾಮಿ ಕಾವ್ಯದ ಅತ್ಯಂತ ಬಿಗಿಯಾದ ಭಾಗ ನಡೆಯುವುದು ಅಲ್ಲಿ. ಧರೆಗೆ ದೊಡ್ಡವರು ಎಂದು ಒಕ್ಕಲಿನವರು ಕರೆಯುವ ಮಂಟೇಸ್ವಾಮಿ, ಆಚಾರಿಗಳ ಮನೆಯ ಹುಡುಗ ಕೆಂಪಾಚಾರಿಯನ್ನು ಶಿಷ್ಯನಾಗಿ ಕೊಡಿ ಎಂದು ಕೇಳುತ್ತಾರೆ. ಹೆತ್ತವರು ಒಪ್ಪುವುದಿಲ್ಲ. ಕಡೆಗೆ ಹುಡುಗ ಗುರುವಿನ ಪಾಲಾಗಿ, ಕಠಿಣ ಶಿಕ್ಷಣ ದಾಟಿ, ಪವಾಡಪುರುಷ ಸಿದ್ಧಪ್ಪಾಜಿಯಾಗುತ್ತಾನೆ. ಇಷ್ಟಾದ ಮೇಲೆ ಗುರು ಅವನಿಗೆ ಹೇಳುವ ಕೆಲಸ ಏನು? ಹಲಗೂರಿಗೆ ಹೋಗು, ಕುಲುಮೆ ಕಸುಬಿನ ಪಾಂಚಾಳರ ಮನೆಗಳಲ್ಲಿ ಕಬ್ಬಿಣದ ಭಿಕ್ಷೆ ಎತ್ತಿಕೊಂಡು ಬಾ.

ಈ ಆಜ್ಞೆಯ ಮುಂದೆ ಸ್ವಲ್ಪ ನಿಲ್ಲಬೇಕು. ಪವಾಡ ಬಲ್ಲವನಿಗೆ ಕಬ್ಬಿಣ ಬೇಡುವ ದರ್ದೇನು? ಕಲ್ಲನ್ನೇ ಕಬ್ಬಿಣ ಮಾಡಿಕೊಳ್ಳಬಹುದಿತ್ತು. ಸಾಮಾನ್ಯ ಮಾಯಾಕಥೆಯಾಗಿದ್ದರೆ ಹಾಗೆಯೇ ಆಗುತ್ತಿತ್ತು, ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು. ಇಲ್ಲಿ ಹುಡುಗನ ಹೆಗಲಿಗೆ ಜೋಳಿಗೆ ಬೀಳುತ್ತದೆ. ಅದೂ ಕುಲುಮೆಯ ಮನೆಯಲ್ಲಿ ಹುಟ್ಟಿದವನು ಕುಲುಮೆಯವರ ಬಾಗಿಲಿಗೇ ಹೋಗಿ ಕೈಚಾಚಬೇಕು. ಹೊರಗಿನವರ ಮುಂದೆ ಬೇಡುವುದು ಒಂದು ಕಷ್ಟ, ತನ್ನ ಕುಲದವರ ಮುಂದೆ ಬೇಡುವುದು ನೂರು ಕಷ್ಟ. ಪಾಂಚಾಳರು ಕೊಡುವುದಿಲ್ಲ. ಹಂಗಿಸುತ್ತಾರೆ, ಪರೀಕ್ಷೆಗೆ ಒಡ್ಡುತ್ತಾರೆ. ವಿಷ ಉಣ್ಣಿಸುತ್ತಾರೆ, ಕಾದ ಕಬ್ಬಿಣ ಹಿಡಿಸುತ್ತಾರೆ. ಒಂದೊಂದು ಮೇಳ ಈ ಸರಣಿಯನ್ನು ಒಂದೊಂದು ರೀತಿ ಬೆಳೆಸಿ ಹಾಡುತ್ತದೆ. ಪ್ರತಿ ಪರೀಕ್ಷೆಯ ಮುಂದೆಯೂ ಸಿದ್ಧಪ್ಪಾಜಿ ಗುರುವನ್ನು ನೆನೆಯುತ್ತಾನೆ. ಗೆಲ್ಲುವ ಶಕ್ತಿ ಅವನಲ್ಲಿದೆ, ಅದು ಅವನದಲ್ಲ. ಕೊಟ್ಟವರೊಬ್ಬರಿದ್ದಾರೆ ಎಂಬುದನ್ನು ಅವನು ಮರೆತ ಗಳಿಗೆಯಲ್ಲಿ ವಿಷ ವಿಷವೇ ಆಗುತ್ತದೆ, ಬೆಂಕಿ ಬೆಂಕಿಯೇ ಆಗುತ್ತದೆ ಎಂಬ ಆತಂಕ ಹಾಡಿನುದ್ದಕ್ಕೂ ಇರುತ್ತದೆ. ದೇವರಿದ್ದಾನೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಾಗಿಯೇ ಏಳುವುದಿಲ್ಲ. ಕೈಯಲ್ಲಿರುವ ಬಲಕ್ಕೆ ನೀನು ಯಾರಿಗೆ ಋಣಿ, ಯಾರ ಮಾತು ಕೇಳುತ್ತೀಯೆ ಎಂಬುದೊಂದೇ ಪ್ರಶ್ನೆ.

ಕಬ್ಬಿಣವೇ ಏಕೆ ಎಂದರೆ, ಈ ಸೀಮೆಯ ಹಳೆಯ ಕಸುಬುಗಳನ್ನು ನೆನೆಯಬೇಕು. 1800ರಲ್ಲಿ ಇಲ್ಲೆಲ್ಲ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆ ಕಬ್ಬಿಣ ಕರಗಿಸುವುದನ್ನು ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿತ್ತು, ಅದಕ್ಕೆ ದೂರದೂರದವರೆಗೂ ಹೆಸರಿತ್ತು. ಕಪ್ಪು ಮರಳನ್ನು ಇದ್ದಿಲಿನಲ್ಲಿ ಬೇಯಿಸಿ ಗುಳ ಮಾಡುವವನು, ಆ ಉಕ್ಕನ್ನು ಎಳೆದೆಳೆದು ನಾದ ಹೊರಡುವಷ್ಟು ಸಣ್ಣ ತಂತಿ ಮಾಡುವವನು ಊರ ಕಣ್ಣಿಗೆ ಮಾಯಾವಿಯೇ. ಹಲಗೂರಿನಲ್ಲಿ ಎದುರುಬದುರಾಗುವುದು ಹಾಗಾಗಿ ಮಾಯೆ ಬಲ್ಲವನೂ ಅರಿಯದವರೂ ಅಲ್ಲ, ಬೆಂಕಿಯ ವಿದ್ಯೆ ಬಲ್ಲ ಎರಡು ಕಡೆಯವರು. ಪಾಂಚಾಳರ ತಪ್ಪು ದೇವರನ್ನು ನಂಬದಿದ್ದುದಲ್ಲ. ಬಾಗಿಲಿಗೆ ಬಂದವನಿಗೆ ಇಲ್ಲ ಅಂದದ್ದು. ಇದನ್ನು ಒಂದು ಕುಲದ ಮೇಲಿನ ದೂರಾಗಿ ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪರೀಕ್ಷಿಸಿದವರೂ ಆಚಾರಿಗಳು, ಪೂಜೆಗೊಂಡವನೂ ಆಚಾರಿಗಳ ಮಗ.

ಮಾದಪ್ಪನ ಕಾವ್ಯದಲ್ಲಿ ಇದೇ ವಿಚಾರ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಹುಲಿ ಏರುವ ಈ ಮಹಾಮಹಿಮ ಎಳೆವಯಸ್ಸಿನಲ್ಲಿ ಸುತ್ತೂರು ಮಠದಲ್ಲಿ ರಾಗಿ ಬೀಸಿದವನು. ಮುಂದೆ ಏಳುಮಲೆಯಲ್ಲಿ ನೆಲೆಯಾಗಿ, ಒಕ್ಕಲು ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಕಾವ್ಯದ ಒಂದೊಂದು ಸಾಲೂ, ಅಂದರೆ ಒಂದೊಂದು ಕಥಾಭಾಗವೂ, ಹೀಗೆ ಒಂದೊಂದು ಮನೆಬಾಗಿಲು. ಬೇವಿನಹಟ್ಟಿ ಕಾಳಮ್ಮನ ಸಾಲಿನಲ್ಲಿ ಸಿರಿವಂತೆ ಕಾಳಮ್ಮ ಭಿಕ್ಷೆ ಕೊಡದೆ ಜಂಗಮನನ್ನು ಅಟ್ಟುತ್ತಾಳೆ. ಸಂಕಮ್ಮನ ಸಾಲಿನಲ್ಲಿ ಗಂಡನ ಅನುಮಾನಕ್ಕೆ ಸಿಕ್ಕಿ ಕಾಡಿನ ಗುಡಿಸಲಲ್ಲಿ ನರಳುವ ಹೆಂಗಸು ಮಾದಪ್ಪನನ್ನು ಕೂಗುತ್ತಾಳೆ. ಅವನು ಬರುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ, ಅವನ ಒಕ್ಕಲಾಗುತ್ತಾರೆ. ಮಾಯೆಯ ಗಂಧವೇ ಇಲ್ಲದ ಸಂಕಮ್ಮನ ನಂಬಿಕೆ ಅವಳಿಗೆಷ್ಟು ಬೇಕೋ ಮಾದಪ್ಪನಿಗೂ ಅಷ್ಟೇ ಬೇಕು. ಒಕ್ಕಲಿಲ್ಲದ ದೇವರು ಹಾಡಿಲ್ಲದ ದೇವರು. ನಂಬಿಕೆ ಎಂಬುದು ದುರ್ಬಲರು ಬಲವಂತನಿಗೆ ಸಲ್ಲಿಸುವ ಕಾಣಿಕೆ ಎಂದುಕೊಂಡಿದ್ದವರಿಗೆ ಈ ಕಾವ್ಯ ತಿರುಗುಮುರುಗಾಗಿ ಕಾಣುತ್ತದೆ. ಬಲವಂತನೇ ಹೊಸ್ತಿಲ ಹೊರಗೆ ನಿಂತು ಕೇಳುತ್ತಿದ್ದಾನೆ.

ಪುರಾಣದ ರಾಕ್ಷಸರೂ ಬೇಡಿದವರೇ ಅಲ್ಲವೇ ಎಂದು ಕೇಳಬಹುದು. ಹೌದು, ರಾವಣನಷ್ಟು, ಭಸ್ಮಾಸುರನಷ್ಟು ತಪಸ್ಸು ಮಾಡಿದವರು ಕಡಿಮೆ. ಆದರೆ ಅವರು ವರ ಸಿಕ್ಕಿದ ಮೇಲೆ ಬೇಡುವುದನ್ನು ನಿಲ್ಲಿಸಿದರು. ಸಿದ್ಧಪ್ಪಾಜಿ ವರ ಸಿಕ್ಕಿದ ಮೇಲೆ ಬೇಡಲು ಹೊರಟ.

ಈ ತಿಳಿವಳಿಕೆ ಕಾವ್ಯದಲ್ಲೇ ನಿಂತುಹೋಗಿಲ್ಲ. ಬನದ ಹುಣ್ಣಿಮೆಗೆ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಹೊತ್ತಿಸಿದರೆ ಸಿದ್ಧಪ್ಪಾಜಿಯ ಐದು ದಿನದ ಜಾತ್ರೆ ಶುರು. ನಮ್ಮ ಕಡೆಯಿಂದ ಸಂಸಾರ ಸಮೇತ ಹೋಗಿ ಅಲ್ಲೇ ಬಿಡಾರ ಹೂಡಿ, ಅಡುಗೆ ಮಾಡಿ, ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಶಿವರಾತ್ರಿಯ ಹೊತ್ತಿಗೆ ರಾಮನಗರ, ಕನಕಪುರದ ಸಾವಿರಾರು ಜನ ಸಂಗಮದಲ್ಲಿ ಸೊಂಟದ ಮಟ್ಟದ ಕಾವೇರಿಯನ್ನು ಹಗ್ಗ ಹಿಡಿದು ದಾಟಿ, ಕಾಡು ಹಾದು ಮಾದಪ್ಪನ ಬೆಟ್ಟಕ್ಕೆ ನಡೆಯುತ್ತಾರೆ. ದಾರಿಯ ಊರಿನವರು ಅರವಟ್ಟಿಗೆ ಇಟ್ಟು ಮಜ್ಜಿಗೆ, ಪಾನಕ, ಅನ್ನ ಕೊಡುತ್ತಾರೆ. ಮನೆಯಲ್ಲಿ ಕಣಜ ತುಂಬಿದವನೂ ಆ ನಾಲ್ಕಾರು ದಿನ ಕಂಡವರ ಮುಂದೆ ಎಲೆ ಹಾಕಿ ಕೂರಬೇಕು.

ಈ ಜನಪದ ಪರಂಪರೆಯನ್ನು ಹುಡುಕಿ ದೂರ ಹೋಗಬೇಕಿಲ್ಲ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಿಂದ ರಾಮನಗರ-ಚನ್ನಪಟ್ಟಣದ ನಡುವಿನ ಹಳೆಯ ಹೆದ್ದಾರಿಯಲ್ಲೇ ಇದೆ. ಕನ್ನಡದಲ್ಲಿ ಹೊಸದಾಗಿ ಮಾಯಾಲೋಕದ ಕಾದಂಬರಿ ಬರೆಯಹೊರಟಿರುವ ಹುಡುಗ ಹುಡುಗಿಯರು ಈಗ ಬಹಳ ಮಂದಿ. ಅವರ ಹಸ್ತಪ್ರತಿಗಳಲ್ಲಿ ಡ್ರ್ಯಾಗನ್ ಇರುತ್ತದೆ, ಮಂತ್ರದಂಡ ಇರುತ್ತದೆ, ಬೇಡುವ ಕೈ ಇರುವುದಿಲ್ಲ. ಬರೆಯಲು ಕೂರುವ ಮೊದಲು ಒಂದು ರಾತ್ರಿ ನಿದ್ದೆಗೆಟ್ಟು ನೀಲಗಾರರ ಮೇಳದ ಮುಂದೆ ಕೂತು, ಹಲಗೂರಿನ ಸಾಲನ್ನು ಪೂರ್ತಿ ಕೇಳಿಸಿಕೊಳ್ಳಲಿ ಎಂದು ನಾನು ಅವರನ್ನು ಕೇಳಿಕೊಳ್ಳುತ್ತೇನೆ.