ಗಡುವು ಬರೆದ ಕೈ ಖರ್ಚನ್ನೂ ಬರೆಯಲಿ

ಈಚಿನ ವರ್ಷಗಳಲ್ಲಿ ಕರ್ನಾಟಕದ ವಿಧಾನಮಂಡಲ ನ್ಯಾಯಾಲಯಗಳ ಬಗ್ಗೆ ಒಂದರ ಹಿಂದೆ ಒಂದು ಮಸೂದೆಗಳನ್ನು ಒಪ್ಪಿದೆ. ಸಣ್ಣ, ಅತಿಸಣ್ಣ ರೈತರ ಹಾಗೂ ಆರ್ಥಿಕವಾಗಿ ದುರ್ಬಲರ ಸಿವಿಲ್ ದಾವೆಗಳಿಗೆ ಆದ್ಯತೆ ಕೊಟ್ಟು ಆರು ತಿಂಗಳಲ್ಲಿ ತೀರ್ಮಾನ ಮಾಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಗೆ 2023ರಲ್ಲಿ ರಾಜ್ಯದ ಮಟ್ಟಿನ ತಿದ್ದುಪಡಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ, ಚಿಕ್ಕಮಗಳೂರಿನಲ್ಲಿ ಯುವ ವಕೀಲರೊಬ್ಬರ ಮೇಲೆ ಪೊಲೀಸರಿಂದ ಹಲ್ಲೆಯಾಯಿತೆಂದು ರಾಜ್ಯದ ವಕೀಲರೆಲ್ಲ ಬೀದಿಗಿಳಿದ ಬೆನ್ನಲ್ಲೇ, ವಕೀಲರ ಮೇಲಿನ ಹಿಂಸಾಚಾರವನ್ನು ನಿಷೇಧಿಸುವ ಮಸೂದೆ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಯಿತು. 2024ರಲ್ಲಿ ಮತ್ತೊಂದು ತಿದ್ದುಪಡಿ: ದಾವೆಗಳು ಮೊದಲು ಮಧ್ಯಸ್ಥಿಕೆಗೆ ಹೋಗಬೇಕು, ವಿಚಾರಣೆಯ ವೇಳಾಪಟ್ಟಿಯನ್ನು ಮುಂಚೆಯೇ ಗೊತ್ತುಮಾಡಬೇಕು, 24 ತಿಂಗಳ ಮಿತಿಯೊಳಗೆ ಮುಗಿಸಬೇಕು ಎಂದು.

ಇವುಗಳ ಹಿಂದಿನ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ. ಅಪ್ಪ ಹೂಡಿದ ದಾವೆಯ ತೀರ್ಪನ್ನು ಮಗ ಕೇಳುವಂಥ ನಾಡಿನಲ್ಲಿ ಶಾಸಕರು ವಿಳಂಬದ ಬಗ್ಗೆ ಮಾತನಾಡುವುದು ಅವರ ಕರ್ತವ್ಯವೇ. ನನ್ನ ಪ್ರಶ್ನೆ ಬೇರೆ. ನ್ಯಾಯಾಧೀಶರು ಏನು ಮಾಡಬೇಕೆಂದು ಬರೆಯುವ ಶಾಸನಸಭೆ, ತಾನು ಏನು ಮಾಡಬೇಕೆಂಬುದನ್ನು ಅದೇ ಕಾಗದದಲ್ಲಿ ಬರೆಯದಿದ್ದರೆ ಆ ಕಾನೂನು ನಡೆಯುತ್ತದೆಯೇ? ನಡೆಯುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿ ಹುಡುಕಲು ಬೆಂಗಳೂರಿನ ದಂಡು ಪ್ರದೇಶದಾಚೆ ಹೋಗಬೇಕಾಗಿಲ್ಲ.

ಮಹಾತ್ಮ ಗಾಂಧಿ ರಸ್ತೆಯ ಮೇಯೊ ಹಾಲ್ ಆವರಣವನ್ನೇ ತೆಗೆದುಕೊಳ್ಳೋಣ. 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸರಾಯ್ ಲಾರ್ಡ್ ಮೇಯೊ ನೆನಪಿಗೆ ಕಟ್ಟಿ 1883ರಲ್ಲಿ ತೆರೆದ ಈ ಕಟ್ಟಡದ ಸುತ್ತ ಇಂದು ಸಿವಿಲ್, ಲಘು ವ್ಯಾಜ್ಯ ಮತ್ತು ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿವೆ. ನಗರದ ಪೂರ್ವ ಭಾಗದವರಿಗೆ ಕೋರ್ಟು ಎಂದರೆ ಮೊದಲು ನೆನಪಾಗುವುದು ಇದೇ. ಇಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ಬೆಳಗಿನ ಕರೆಯಲ್ಲಿ ಕೂಗುವ ಹೆಸರುಗಳಲ್ಲಿ ಚೆಕ್ ಬೌನ್ಸ್ ಪ್ರಕರಣಗಳದ್ದೇ ದೊಡ್ಡ ಪಾಲು. ಈ ಪ್ರಕರಣಗಳನ್ನು ಆದಷ್ಟೂ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಸಂಸತ್ತು 2002ರಲ್ಲೇ ಕಾಯ್ದೆಗೆ ಸೇರಿಸಿದೆ. 2019ರ ಕೊನೆಯ ಹೊತ್ತಿಗೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಚೆಕ್ ಬೌನ್ಸಿನವೇ ಆಗಿದ್ದವು. ಸುಪ್ರೀಂ ಕೋರ್ಟೇ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡು 2021ರಲ್ಲಿ ನಿರ್ದೇಶನಗಳನ್ನು ಕೊಡಬೇಕಾಯಿತು.

ಸಿವಿಲ್ ದಾವೆಗಳ ಕಥೆಯೂ ಹೀಗೆಯೇ. ಪ್ರತಿವಾದಿ 30 ದಿನಗಳಲ್ಲಿ, ಹೆಚ್ಚೆಂದರೆ 90 ದಿನಗಳಲ್ಲಿ ತನ್ನ ಲಿಖಿತ ಹೇಳಿಕೆ ಸಲ್ಲಿಸಬೇಕು. ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದು. 2002ರಿಂದಲೂ ಸಂಹಿತೆಯಲ್ಲಿ ಇದು ಅಚ್ಚಾಗಿದೆ. 90 ದಿನಗಳ ಮಿತಿ ಮಾರ್ಗದರ್ಶಕವೇ ಹೊರತು ಮೀರಲಾಗದ ಗೆರೆಯಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಡುವು ಮೀರಿದ ಮಾತ್ರಕ್ಕೆ ಒಬ್ಬನ ಹಕ್ಕನ್ನು ಹೂತುಹಾಕಲು ಯಾವ ನ್ಯಾಯಾಧೀಶರಿಗೂ ಮನಸ್ಸು ಬಾರದು, ಬರಬಾರದು ಕೂಡ.

ಹಾಗಾದರೆ ಕಾಲ ಎಲ್ಲಿ ಕಳೆಯುತ್ತದೆ? ದಾವೆ ಸಲ್ಲಿಸಿದ ಮೇಲೆ ಕಚೇರಿಯ ಆಕ್ಷೇಪಣೆ ಸರಿಪಡಿಸಬೇಕು. ನಂತರ ಪ್ರೋಸೆಸ್ ಫೀ ಕಟ್ಟಬೇಕು. ಸಮನ್ಸ್ ಹೊರಡುತ್ತದೆ. ಪ್ರತಿವಾದಿಯ ವಿಳಾಸ ಹಲಸೂರಿನ ಯಾವುದೋ ಅಡ್ಡರಸ್ತೆಯ ಮಹಡಿ ಮನೆ. ಬಾಡಿಗೆದಾರ ಮನೆ ಬದಲಾಯಿಸಿ ಕೆ.ಆರ್. ಪುರಕ್ಕೆ ಹೋಗಿದ್ದಾನೆ. ಜಾರಿ ಮಾಡುವ ಬೇಲಿಫ್‌ನ ಚೀಲದಲ್ಲಿ ಅಂದು ಇಂಥ ಕಾಗದಗಳು ಹತ್ತಾರು. ಕದ ತಟ್ಟುತ್ತಾನೆ, ಪಕ್ಕದ ಮನೆಯವರನ್ನು ಕೇಳುತ್ತಾನೆ, 'ಸದರಿ ವಿಳಾಸದಲ್ಲಿ ವಾಸವಿಲ್ಲ' ಎಂದು ಷರಾ ಬರೆದು ಹಿಂದಿರುಗಿಸುತ್ತಾನೆ. ಬೆಂಚ್ ಕ್ಲರ್ಕ್ ಮುಂದಿನ ತಾರೀಖು ಕೊಡುತ್ತಾರೆ. ಮತ್ತೆ ಪ್ರೋಸೆಸ್ ಫೀ, ಮತ್ತೆ ಸಮನ್ಸ್. ವಾದ ಶುರುವಾಗುವ ಮೊದಲೇ ಒಂದು ಮಳೆಗಾಲ ಕಳೆದಿರುತ್ತದೆ. ನ್ಯಾಯಾಧೀಶರು ಇಲ್ಲಿ ಸೋಮಾರಿತನ ಮಾಡಿಲ್ಲ, ವಕೀಲರು ಇನ್ನೂ ಬಾಯಿ ಬಿಟ್ಟಿಲ್ಲ. ಇಲ್ಲಿ ಸಾಲದೆ ಬಂದಿರುವುದು ಬೇಲಿಫ್‌ಗಳು, ಗುಮಾಸ್ತರು, ಬೆರಳಚ್ಚುಗಾರರು, ಕೊಠಡಿಗಳು. ಇವೆಲ್ಲ ರಾಜ್ಯದ ಆಯವ್ಯಯದ ವಸ್ತುಗಳು.

ನ್ಯಾಯಾಧೀಶರ ಸಂಖ್ಯೆಯೂ ಅಷ್ಟೆ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರಿರಬೇಕು ಎಂದು ಕಾನೂನು ಆಯೋಗ 1987ರಲ್ಲಿ ಹೇಳಿತ್ತು. ದೇಶ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದೆ. ಮಸೂದೆಗಳ ಕೊನೆಯಲ್ಲಿ ಆರ್ಥಿಕ ಜ್ಞಾಪನ ಪತ್ರ ಎಂಬ ಪುಟವಿರುತ್ತದೆ. ಹೆಚ್ಚುವರಿ ವೆಚ್ಚವೇನೂ ಇಲ್ಲ ಎಂಬ ಒಂದೇ ಸಾಲು ಅಲ್ಲಿ ಕಾಣುವುದು ಅಪರೂಪವಲ್ಲ. ಹೊಸ ಕಾನೂನಿನಿಂದ ನ್ಯಾಯಾಲಯಗಳ ಮೇಲೆ ಬೀಳುವ ಹೊರೆಯನ್ನು ಮುಂಚೆಯೇ ಲೆಕ್ಕಹಾಕಿ ಹಣ ಒದಗಿಸಬೇಕೆಂದು ನ್ಯಾಯಮೂರ್ತಿ ಜಗನ್ನಾಥ ರಾವ್ ನೇತೃತ್ವದ ಕಾರ್ಯಪಡೆ 2008ರಲ್ಲೇ ವರದಿ ಕೊಟ್ಟಿದೆ. ಆರು ತಿಂಗಳಲ್ಲಿ ತೀರ್ಪು ಕೊಡಬೇಕೆನ್ನುವ ಮಸೂದೆಗೆ ಅಂಥ ಲೆಕ್ಕ ಅಂಟಿಕೊಂಡಿರಲೇಬೇಕು. ಒಬ್ಬ ಬಡ ರೈತನ ದಾವೆಯನ್ನು ಸರದಿಯಲ್ಲಿ ಮುಂದಕ್ಕೆ ತಂದರೆ, ಕೈಗಳು ಹೆಚ್ಚಾಗದ ಹೊರತು, ಬೇರೊಬ್ಬ ವಿಧವೆಯ ದಾವೆ ಹಿಂದಕ್ಕೆ ಹೋಗಲೇಬೇಕಲ್ಲ!

ಶಾಸಕರ ಕೈಯಲ್ಲಿ ಅಷ್ಟು ಅಧಿಕಾರವಿಲ್ಲ ಎನ್ನುವ ಮಾತುಂಟು. ಅರ್ಧ ನಿಜ. 1976ರ 42ನೇ ತಿದ್ದುಪಡಿ ನ್ಯಾಯಾಡಳಿತವನ್ನೂ ಅಧೀನ ನ್ಯಾಯಾಲಯಗಳ ರಚನೆಯನ್ನೂ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಒಯ್ದಿತು. ಸಿವಿಲ್ ಪ್ರಕ್ರಿಯಾ ಸಂಹಿತೆ ಕೇಂದ್ರದ ಕಾನೂನು. ಅದಕ್ಕೆ ವ್ಯತ್ಯಾಸವಾಗುವಂತೆ ರಾಜ್ಯ ತಿದ್ದುಪಡಿ ತಂದರೆ ರಾಷ್ಟ್ರಪತಿಗಳ ಒಪ್ಪಿಗೆಗೆ ಕಾಯಬೇಕು. ಆದರೆ ಒಂದು ವಿಷಯವನ್ನು ಸಂವಿಧಾನ ಪೂರ್ತಿಯಾಗಿ ರಾಜ್ಯಕ್ಕೇ ಬಿಟ್ಟಿದೆ. ಸುಪ್ರೀಂ ಕೋರ್ಟನ್ನು ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ವಸೂಲಿ ಮಾಡುವ ಕೋರ್ಟ್ ಫೀ ಇಂದಿಗೂ ರಾಜ್ಯಪಟ್ಟಿಯ ವಿಷಯ. ರಾಷ್ಟ್ರಪತಿಗಳ ಒಪ್ಪಿಗೆಗೆ ಕಾಯದೆ ವಿಧಾನಸೌಧ ಇದನ್ನು ಬದಲಿಸಬಹುದು.

ಶಿವಾಜಿನಗರದ ಗುಜರಿ ಬೀದಿಯಲ್ಲಿ ಹಳೆಯ ವಾಹನಗಳ ಬಿಡಿಭಾಗ ಮಾರುವ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿ. ಗ್ಯಾರೇಜಿನವನೊಬ್ಬ ಐದು ಲಕ್ಷ ರೂಪಾಯಿಯ ಸಾಮಾನು ಕಡವಾಗಿ ಒಯ್ದು ಕೈಯೆತ್ತಿದ್ದಾನೆ. ವಸೂಲಿಗೆ ದಾವೆ ಹೂಡಲು 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯನಿರ್ಣಯ ಕಾಯ್ದೆಯ ಅನುಸೂಚಿ ದಶಕಗಳಿಂದ ಹೇಳುತ್ತ ಬಂದಿರುವ ಲೆಕ್ಕದಂತೆ ಅವನು ಮೊದಲು 33,375 ರೂಪಾಯಿ ಕಟ್ಟಬೇಕು. ವಕೀಲರ ಫೀಜು ಬೇರೆ, ಟೈಪಿಂಗು, ನಕಲು, ನೋಟರಿ ಖರ್ಚು ಬೇರೆ. ಐದು ಲಕ್ಷ ಕಳೆದುಕೊಂಡು ಗಲ್ಲಾಪೆಟ್ಟಿಗೆ ಬರಿದಾದವನನ್ನು ಸರ್ಕಾರ ಮೊದಲ ದಿನವೇ ಕೇಳುವ ಹಣ ಇದು. ಗೆದ್ದರೆ ಖರ್ಚು ಸಮೇತ ಡಿಕ್ರಿ ಸಿಗಬಹುದು. ಆ ಡಿಕ್ರಿಯ ಅಮಲ್ಜಾರಿಗೆ ಮತ್ತೊಂದು ಸುತ್ತು.

ದರದ ಹಂತಗಳನ್ನು ನೋಡಿದರೆ ಇನ್ನಷ್ಟು ಬೇಸರವಾಗುತ್ತದೆ. 15 ಸಾವಿರದಿಂದ 75 ಸಾವಿರದವರೆಗಿನ ಭಾಗಕ್ಕೆ ಶೇ 7.5, ಅಲ್ಲಿಂದ ಎರಡೂವರೆ ಲಕ್ಷದವರೆಗೆ ಶೇ 7, ಆಮೇಲೆ ಶೇ 6.5, ಶೇ 6 ಎಂದು ಇಳಿಯುತ್ತ ಹೋಗುತ್ತದೆ. ಹತ್ತು ಲಕ್ಷದ ದಾವೆಗೆ 62,125 ರೂಪಾಯಿ, ಅಂದರೆ ನೂರಕ್ಕೆ ಆರು ಚಿಲ್ಲರೆ. ಎರಡೂವರೆ ಲಕ್ಷದ ದಾವೆಗೆ 17,125, ಅಂದರೆ ನೂರಕ್ಕೆ ಸುಮಾರು ಏಳು. ದೊಡ್ಡ ಮೊತ್ತದವನಿಗಿಂತ ಸಣ್ಣ ವ್ಯಾಪಾರಿ ಹೆಚ್ಚಿನ ದರ ತೆರುತ್ತಾನೆ. ಕರ್ನಾಟಕದ ಈ ಕಾಯ್ದೆಯನ್ನು 1988ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತೀರ್ಪು ಬರೆದವರು ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಕಾಯ್ದೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದರೂ, ಶುಲ್ಕವನ್ನು ತರ್ಕಬದ್ಧಗೊಳಿಸುವ ಅಗತ್ಯವನ್ನು ಆ ತೀರ್ಪು ರಾಜ್ಯಗಳಿಗೆ ನೆನಪಿಸಿತ್ತು. ಬಡವರಿಗಾಗಿ ಆರು ತಿಂಗಳ ಗಡುವು ಬರೆದ ಸದನಕ್ಕೆ ಈ ಅನುಸೂಚಿಯ ಕೆಳಗಿನ ಹಂತಗಳನ್ನು ಒರೆಸಿಹಾಕುವುದು ಕಷ್ಟವೇ? ಖಜಾನೆಗೆ ನಷ್ಟವಾಗುತ್ತದೆ, ನಿಜ. ಆ ನಷ್ಟವನ್ನು ಹೊರುವುದೇ ಇಲ್ಲಿ ಸರ್ಕಾರದ ಪಾಲಿನ ಕೆಲಸ.

ಶುಲ್ಕದಷ್ಟೇ ದೊಡ್ಡ ಇನ್ನೊಂದು ಖರ್ಚು ದೂರ. ದಂಡು ಪ್ರದೇಶಕ್ಕೆ ಇದರ ಪರಿಚಯ ಹಳೆಯದು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಬ್ರಿಟಿಷರು ದಂಡು ಪ್ರದೇಶವಾದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನನ್ನು ತಮ್ಮ ಆಡಳಿತದಲ್ಲೇ ಉಳಿಸಿಕೊಂಡರು. ಪೇಟೆಯವನ ಮೇಲ್ಮನವಿ ಮೈಸೂರಿನ ಚೀಫ್ ಕೋರ್ಟಿಗೆ, ಹಲಸೂರಿನವನದು ಬ್ರಿಟಿಷ್ ರೆಸಿಡೆಂಟರ ಕಡೆಗೆ. 1947ರಲ್ಲಿ ಈ ಪ್ರದೇಶ ಮೈಸೂರಿಗೆ ಮರಳಿತು, 1949ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ನ್ಯಾಯಾಲಯದ ಎಲ್ಲೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕೆಂದು ಆಳುವವರು ಮನಸ್ಸು ಮಾಡಿದಾಗಲೆಲ್ಲ ಗೆರೆ ಬದಲಾಗಿದೆ.

ಈಗ ಮತ್ತೆ ಗೆರೆಗಳು ಬದಲಾಗಿವೆ, ಆದರೆ ನ್ಯಾಯಾಲಯಗಳನ್ನು ಬಿಟ್ಟು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರಲ್ಲಿ ನಗರಕ್ಕೆ ಐದು ಪಾಲಿಕೆಗಳಾದವು. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿತು. ಖಾತೆ, ಚರಂಡಿ, ತೆರಿಗೆಗೆ ಜನ ದೂರ ಹೋಗಬಾರದು ಎಂಬುದು ಅದರ ಸಮರ್ಥನೆ. ಆದರೆ ಗಂಡ ಬಿಟ್ಟುಹೋದ ಕೆ.ಆರ್. ಪುರದ ಹೆಣ್ಣುಮಗಳು ಜೀವನಾಂಶ ಕೇಳಲು ಕೌಟುಂಬಿಕ ನ್ಯಾಯಾಲಯವನ್ನು ಹುಡುಕಿಕೊಂಡು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದವರೆಗೆ ಹೋಗಬೇಕು. ನೇರಳೆ ಮೆಟ್ರೊ ಬಂದಿದೆ, ಪ್ರಯಾಣ ಮೊದಲಿನಷ್ಟು ಕಷ್ಟವಿಲ್ಲ ಎನ್ನಬಹುದು. ಆಕೆಯ ಖರ್ಚು ಟಿಕೆಟ್ಟಿನದಲ್ಲ. ಮನೆಗೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುವವಳಿಗೆ ಪ್ರತಿ ತಾರೀಖೂ ಒಂದು ದಿನದ ಕೂಲಿ. ರಜೆ ಕೇಳಿಕೇಳಿ ಕೊನೆಗೆ ಕೆಲಸವೇ ಹೋಗುವ ಭಯ. ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡುತ್ತದೆ, ಕೋರ್ಟ್ ಫೀಯನ್ನೂ ಭರಿಸುತ್ತದೆ, 15100ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ. ಒಳ್ಳೆಯ ಕಾನೂನು. ಹೋದ ಕೂಲಿಯನ್ನು ಮಾತ್ರ ಅದು ತುಂಬಿಕೊಡುವುದಿಲ್ಲ.

ದೂರವೂ ಅನ್ಯಾಯವೇ ಎಂದು ಈ ರಾಜ್ಯ ಒಪ್ಪಿಕೊಂಡ ಉದಾಹರಣೆಯಿದೆ. ವರ್ಷಾನುಗಟ್ಟಲೆ ಹೋರಾಟ ನಡೆದ ಮೇಲೆ 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ತೆರೆದವು, 2013ರಲ್ಲಿ ಕಾಯಂ ಆದವು. ವಕೀಲ ವೃತ್ತಿ ಹಂಚಿಹೋಗುತ್ತದೆ, ಗ್ರಂಥಾಲಯ ಎಲ್ಲಿ, ಹಿರಿಯ ವಕೀಲರು ಎಲ್ಲಿ ಎಂದು ಆಗ ಎದ್ದ ಆಕ್ಷೇಪಗಳೇ ಪೂರ್ವ ಬೆಂಗಳೂರಿಗೆ ಕೋರ್ಟು ಕೇಳಿದರೂ ಏಳುತ್ತವೆ. ಒಂದೇ ದಿನ ಮೂರು ಆವರಣಗಳಲ್ಲಿ ಕೇಸಿರುವ ವಕೀಲರ ಪರದಾಟ ಸಣ್ಣದಲ್ಲ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ವಕೀಲರ ರಕ್ಷಣೆಗೆ ಒಂದು ತಿಂಗಳೊಳಗೆ ಮಸೂದೆ ತರಬಲ್ಲ ಸದನ, ಕಕ್ಷಿದಾರರ ಓಡಾಟದ ಬಗ್ಗೆಯೂ ಅಷ್ಟೇ ಚುರುಕಾಗಬೇಕು. ವಕೀಲರಿಗೆ ಸಂಘವಿದೆ, ಬೀದಿಗಿಳಿದರೆ ಕೇಳುವವರಿದ್ದಾರೆ. ಕಕ್ಷಿದಾರರಿಗೆ ಸಂಘವಿಲ್ಲ, ಅವರ ಪರವಾಗಿ ಮಾತಾಡಬೇಕಾದವರು ಶಾಸಕರೇ.

ಗಡುವುಗಳೆಲ್ಲ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಬೇಕೆಂದೇ ವಾಯಿದೆ ಕೇಳುವ ಪ್ರತಿವಾದಿಯ ಎದುರು ಹಿಡಿಯಲು ಬಡ ದಾವೆದಾರನಿಗೆ ಕಾಯ್ದೆಯ ಒಂದು ಕಲಮು ಇರುವುದು ಮೇಲು. ವಿಚಾರಣೆಯ ವೇಳಾಪಟ್ಟಿ ಮುಂಚೆಯೇ ಗೊತ್ತಾದರೆ ಸಾಕ್ಷಿ ಹೇಳುವವನ ಒಂದು ದಿನವಾದರೂ ಉಳಿಯುತ್ತದೆ. ಮಧ್ಯಸ್ಥಿಕೆಯಲ್ಲೂ ಈ ಊರಿಗೆ ಅನುಭವವಿದೆ. 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಎಷ್ಟೋ ಮನೆಮುರುಕ ಜಗಳಗಳನ್ನು ಮೇಜಿನ ಸುತ್ತ ಕೂರಿಸಿ ಬಗೆಹರಿಸಿದೆ. ಆದರೆ ಎಲ್ಲ ದಾವೆಗಳನ್ನೂ ಮೊದಲು ಅಲ್ಲಿಗೆ ಕಳಿಸಬೇಕೆಂದರೆ ತರಬೇತಾದ ಮಧ್ಯಸ್ಥರು ಎಷ್ಟು ಬೇಕು, ಅವರಿಗೆ ಕೊಠಡಿ, ಗೌರವಧನ ಎಲ್ಲಿಂದ? ಒದಗಿಸದಿದ್ದರೆ ಮಧ್ಯಸ್ಥಿಕೆ ಇನ್ನೊಂದು ಸರದಿಯಾಗುತ್ತದೆ, ಕಕ್ಷಿದಾರ ಎರಡು ಕಡೆ ಕಾಯುತ್ತಾನೆ.

ಕೆ.ಆರ್. ಪುರದ ವಿಷಯದಲ್ಲಂತೂ ಹೊಸ ಮಸೂದೆಯೂ ಬೇಡ. ಜನಸಂಖ್ಯೆ ಹತ್ತು ಲಕ್ಷ ದಾಟಿದ ನಗರಕ್ಕೆ ಹೈಕೋರ್ಟಿನ ಜೊತೆ ಸಮಾಲೋಚಿಸಿ ರಾಜ್ಯ ಸರ್ಕಾರ ಕೌಟುಂಬಿಕ ನ್ಯಾಯಾಲಯ ಸ್ಥಾಪಿಸಬೇಕೆಂದು 1984ರ ಕೇಂದ್ರ ಕಾಯ್ದೆಯ ಮೂರನೇ ಕಲಮು ಹೇಳುತ್ತದೆ, ಉಳಿದ ಕಡೆ ಅಗತ್ಯ ಕಂಡರೆ ಸ್ಥಾಪಿಸುವ ಅಧಿಕಾರವನ್ನೂ ಕೊಡುತ್ತದೆ. ಒಂದು ಪಾಲಿಕೆಯಾಗಲು ಹತ್ತು ಲಕ್ಷ ಜನ ಇರಬೇಕೆಂಬ ಅಳತೆಯನ್ನು ಇಟ್ಟವರು ನಮ್ಮ ಶಾಸಕರೇ. ತಾವೇ ನಗರ ಎಂದು ಗುರುತಿಸಿದ ಪೂರ್ವ ಪಾಲಿಕೆಗೆ ಒಂದು ಕೌಟುಂಬಿಕ ನ್ಯಾಯಾಲಯ, ಅದರ ಪಕ್ಕದಲ್ಲೇ ಕಾನೂನು ನೆರವಿನ ಒಂದು ಮೇಜು, ಸಮನ್ಸ್ ಜಾರಿಗೆ ಸಾಕಷ್ಟು ಬೇಲಿಫ್‌ಗಳು: ಇದಕ್ಕೆ ಬೇಕಾದ ಮೊತ್ತವನ್ನು ಈ ಭಾಗದ ಶಾಸಕರು ಮುಂದಿನ ಬಜೆಟ್ ಅಧಿವೇಶನದಲ್ಲಿ, ಕಾನೂನು ಇಲಾಖೆಯ ಬೇಡಿಕೆ ಚರ್ಚೆಗೆ ಬಂದಾಗ, ಎದ್ದು ನಿಂತು ಕೇಳಬೇಕು. ಕೇಳಿದರೇ ಇಲ್ಲವೇ ಎಂಬುದು ಸದನದ ಕಡತದಲ್ಲಿ ದಾಖಲಾಗುತ್ತದೆ. ಮತ ಕೇಳಲು ಬಂದಾಗ ಅದನ್ನು ಮುಂದಿಟ್ಟು ಮಾತಾಡುವ ಹಕ್ಕು ಇಲ್ಲಿನ ಮತದಾರರಿಗಿದೆ.