ಆಸ್ಪತ್ರೆಯ ರಸೀದಿಯೂ ಗ್ರಾಹಕನ ನ್ಯಾಯವೂ

ಉದ್ಯೋಗವನ್ನರಸಿ ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗನಿಗೆ ತಾನು ಪರಸ್ಥಳದವನೆಂಬುದು ತೀವ್ರವಾಗಿ ಅರಿವಾಗುವುದು ಮನೆಯಲ್ಲಿ ಕಾಯಿಲೆ ಕಾಲಿಟ್ಟಾಗ. ಊರಿನಲ್ಲಾದರೆ ವೈದ್ಯರ ಪರಿಚಯವಿರುತ್ತದೆ, ಬಂಧುಬಳಗ ಜತೆಗಿರುತ್ತದೆ. ಮಹಾನಗರದ ಖಾಸಗಿ ಆಸ್ಪತ್ರೆಯಲ್ಲಿ ಅವನು ಮುಂಗಡ ಹಣ ಕಟ್ಟಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಹೊರಗಿನ ಬೆಂಚಿನ ಮೇಲೆ ಕಾದು ಕುಳಿತುಕೊಳ್ಳುತ್ತಾನೆ. ಚಿಕಿತ್ಸೆಯಲ್ಲಿ ಲೋಪವಾಯಿತೆಂಬ ಸಂಶಯ ಬಂದರೆ ಅವನು ಯಾರ ಬಾಗಿಲು ತಟ್ಟಬೇಕು?

1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಅಂಥವನಿಗಾಗಿ ಒಂದು ಬಾಗಿಲನ್ನು ತೆರೆಯಿತು. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯೂ ಅದರ ವ್ಯಾಪ್ತಿಗೆ ಸೇರುತ್ತದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಮಾತ್ರ ಹೊರಗುಳಿದವು. ಚಿಕಿತ್ಸೆ ಪಡೆದ ಮಗುವಿನಂತೆಯೇ ಹಣ ತೆತ್ತ ತಂದೆತಾಯಿಯರೂ ಗ್ರಾಹಕರೇ ಎಂದು 1998ರಲ್ಲಿ ಅದೇ ನ್ಯಾಯಾಲಯ ಸಾರಿತು.

2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಹೊಸ ಕಾಯಿದೆಯಿಂದ ವಲಸಿಗನಿಗೆ ವಿಶೇಷ ಅನುಕೂಲವಾಗಿದೆ. ಹಿಂದೆ ಎದುರು ಪಕ್ಷದವರು ಇರುವಲ್ಲಿ ಅಥವಾ ಘಟನೆ ನಡೆದಲ್ಲಿ ದೂರು ಹೂಡಬೇಕಿತ್ತು. ಈಗ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು. ತೆತ್ತ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ವಾದಿಸಲೂಬಹುದು.

ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ನ್ಯಾಯ ದೊರೆತಂತಾಗದು. ನೋಟೀಸು ತಲುಪಿದ 3 ತಿಂಗಳೊಳಗೆ, ಪರೀಕ್ಷೆಯ ಅಗತ್ಯವಿದ್ದರೆ 5 ತಿಂಗಳೊಳಗೆ, ದೂರನ್ನು ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ವಾಸ್ತವದಲ್ಲಿ ವರ್ಷಗಳೇ ಉರುಳುವುದುಂಟು. ಆಯೋಗಗಳಲ್ಲಿ ಅಧ್ಯಕ್ಷರ, ಸದಸ್ಯರ ಸ್ಥಾನಗಳು ತೆರವಾಗಿಯೇ ಉಳಿದುದನ್ನು ಕಂಡು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆ ಕೈಗೊಳ್ಳಬೇಕಾಯಿತು. ಶೀಘ್ರ ಪರಿಹಾರಕ್ಕೆಂದು ಹುಟ್ಟಿದ ಸಂಸ್ಥೆ ಸಿವಿಲ್ ನ್ಯಾಯಾಲಯದ ಮತ್ತೊಂದು ನೆರಳಾಗುವುದಾದರೆ ಅದರ ಉದ್ದೇಶವೇ ವಿಫಲವಾದಂತೆ. ಸರಕಾರಗಳು ಈ ಹೊಣೆಯಿಂದ ನುಣುಚಿಕೊಳ್ಳಲಾಗದು.

ಗ್ರಾಹಕನ ಹೊಣೆಯೂ ಕಡಿಮೆಯದಲ್ಲ. ಆಯೋಗದ ಮುಂದೆ ಕಣ್ಣೀರಿಗಿಂತ ಕಾಗದಕ್ಕೆ ಬೆಲೆ ಹೆಚ್ಚು. ರಸೀದಿ, ಔಷಧಿ ಚೀಟಿ, ಪರೀಕ್ಷಾ ವರದಿ, ಬಿಡುಗಡೆಯ ಪತ್ರ ಇವನ್ನೆಲ್ಲ ಜೋಪಾನವಾಗಿಡಬೇಕು. ರೋಗಿಯೋ ಅವನ ಅಧಿಕೃತ ಪರಿಚಾರಕನೋ ಕೇಳಿದಲ್ಲಿ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂದು ವೈದ್ಯರ ವೃತ್ತಿನೀತಿಯ 2002ರ ನಿಯಮಾವಳಿ ವಿಧಿಸುತ್ತದೆ. ದೂರಿಗೆ ಇರುವ ಅವಧಿ 2 ವರ್ಷ. ದುಃಖದಲ್ಲಿ ಮುಳುಗಿದವರಿಗೆ ಆ ಅವಧಿ ಅರಿಯದಂತೆ ಕಳೆದುಹೋಗುತ್ತದೆ.

ಹಾಗೆಂದು ವೈದ್ಯರನ್ನು ಶತ್ರುಗಳೆಂದು ಭಾವಿಸುವುದೂ ಸಲ್ಲದು. ರೋಗ ಗುಣವಾಗದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದು. ಅದೇ ವೃತ್ತಿಯ ಸಾಮಾನ್ಯ ಕುಶಲಿಯೊಬ್ಬನು ವಹಿಸಬಹುದಾದ ಎಚ್ಚರವನ್ನು ವೈದ್ಯನು ವಹಿಸಿದನೇ ಎಂಬುದೇ ಮುಖ್ಯವೆಂದು 2005ರ ತೀರ್ಪೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆದರೆ ಶೋಕ ಯಾವುದು, ಲೋಪ ಯಾವುದು ಎಂದು ಬೇರ್ಪಡಿಸಿ ನೋಡುವುದು ನೊಂದವನೊಬ್ಬನಿಂದಲೇ ಆಗುವ ಕೆಲಸವಲ್ಲ.

ಇಲ್ಲಿಯೇ ಕನ್ನಡ ಸಂಘಗಳು ನೆರವಾಗಬಲ್ಲವು. ಆರೋಗ್ಯ ಶಿಬಿರ, ರಕ್ತದಾನಗಳನ್ನು ಏರ್ಪಡಿಸುವ ಸಂಘಗಳಲ್ಲಿ ವೈದ್ಯರೂ ವಕೀಲರೂ ಸದಸ್ಯರಾಗಿರುತ್ತಾರೆ. ತಿಂಗಳಿಗೊಂದು ಸಂಜೆ ಅವರು ಒಟ್ಟಿಗೆ ಕುಳಿತು, ನೊಂದ ಕುಟುಂಬದ ಕಾಗದಪತ್ರಗಳನ್ನು ಓದಿ, ಅರ್ಥವನ್ನು ಕನ್ನಡದಲ್ಲಿ ತಿಳಿಸಿದರೆ ಸಾಕು. ಸಾಚಾ ದೂರು ಆಯೋಗದ ಮೆಟ್ಟಿಲೇರೀತು. ಹುರುಳಿಲ್ಲದ ದೂರು ಅಲ್ಲಿಯೇ ಶಾಂತವಾದೀತು. ಪರಸ್ಥಳದಲ್ಲಿರುವ ಕನ್ನಡಿಗನಿಗೆ ರಾಜ್ಯೋತ್ಸವದ ಸಂಭ್ರಮದಷ್ಟೇ ಈ ಆಸರೆಯೂ ಅಗತ್ಯ.