ಅನುದಿನದ ಅನ್ನವೂ ಸಭೆಯ ಪಂಕ್ತಿಯೂ

ಯೇಸುಕ್ರಿಸ್ತನು ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯಲ್ಲಿ ಹೊಟ್ಟೆಯ ವಿಷಯವಾಗಿ ಒಂದೇ ಒಂದು ಬಿನ್ನಹವಿದೆ. ಅದೂ ಬಲು ಚಿಕ್ಕದು. ವರ್ಷದ ಧಾನ್ಯವನ್ನಾಗಲಿ, ತಿಂಗಳ ಸಾಮಾನನ್ನಾಗಲಿ ಅದು ಬೇಡುವುದಿಲ್ಲ. ಆ ದಿನಕ್ಕೆ ಬೇಕಾದ ಆಹಾರವನ್ನು ಬೇಡುತ್ತದೆ. ಕ್ರೈಸ್ತರ ಮನೆಗಳಲ್ಲಿ ಮಕ್ಕಳು ಚೆನ್ನಾಗಿ ಮಾತು ಬರುವುದಕ್ಕೆ ಮೊದಲೇ ಇದನ್ನು ಬಾಯಿಪಾಠ ಮಾಡುವರು. ಹಾಗೆ ಕಲಿತದ್ದರ ಅರ್ಥವನ್ನು ದೊಡ್ಡವರಾದ ಮೇಲೆ ವಿಚಾರಿಸುವವರು ವಿರಳ. ವಾಚಕರಲ್ಲಿ ಅನ್ಯಮತದವರೂ ಅನೇಕರಿರುವುದರಿಂದ ಸ್ವಲ್ಪ ವಿವರವಾಗಿಯೇ ಈ ತಿಂಗಳು ಅದನ್ನು ನೋಡೋಣ.

'ಅನುದಿನದ' ಎಂದು ನಾವು ಕನ್ನಡದಲ್ಲಿ ಹೇಳುವ ಪದಕ್ಕೆ ಮೂಲವಾದ ಗ್ರೀಕ್ ಶಬ್ದವು ವಿಚಿತ್ರವಾದದ್ದು. ಮೂರನೆಯ ಶತಮಾನದ ಪಂಡಿತನಾದ ಒರಿಗೆನನು, ಗ್ರೀಕರ ಗ್ರಂಥಗಳಲ್ಲಾಗಲಿ ಜನರ ಮಾತಿನಲ್ಲಾಗಲಿ ಈ ಶಬ್ದವು ಕಾಣುವುದಿಲ್ಲವೆಂದು ಆಶ್ಚರ್ಯಪಟ್ಟಿದ್ದನು. ಇಂದಿನ ದಿನಕ್ಕೆ, ನಾಳೆಯ ದಿನಕ್ಕೆ, ಬದುಕಿಗೆ ಬೇಕಾಗುವಷ್ಟು ಎಂದು ನಾನಾ ಅರ್ಥಗಳನ್ನು ಹೇಳಿದವರುಂಟು. ಲತೀನಿಗೆ ಭಾಷಾಂತರಿಸಿದ ಜೆರೋಮನು ಮತ್ತಾಯನ ಸುವಾರ್ತೆಯಲ್ಲಿ ಒಂದು ಮಾತನ್ನೂ ಲೂಕನ ಸುವಾರ್ತೆಯಲ್ಲಿ ಬೇರೊಂದು ಮಾತನ್ನೂ ಉಪಯೋಗಿಸಿದನು. ಆದರೆ ಅದರ ಪಕ್ಕದಲ್ಲಿರುವ ಇನ್ನೊಂದು ಪದದಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಅದು 'ನಮ್ಮ' ಎಂಬ ಪದ. 'ನನ್ನ ಆಹಾರ' ಎಂದು ಬೇಡುವುದಕ್ಕೆ ಈ ಪ್ರಾರ್ಥನೆಯಲ್ಲಿ ಅವಕಾಶವೇ ಇಲ್ಲ. ಏಕಾಂತದಲ್ಲಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುವವನೂ ಬಹುವಚನದಲ್ಲಿಯೇ ಬೇಡಬೇಕು. ಹಾಗೆ ಬೇಡಿದವನು ಪಕ್ಕದ ಮನೆಯ ಒಲೆಯನ್ನೂ ತನ್ನ ಬಿನ್ನಹದೊಳಗೆ ಸೇರಿಸಿಕೊಂಡಂತಾಯಿತು.

ದಿನದಿನದ ಅನ್ನಕ್ಕಾಗಿ ದೇವರನ್ನು ನಂಬುವುದೆಂದರೆ ಕೂಡಿಡಬಾರದೆಂದು ಅರ್ಥವೇ? ಗೃಹಸ್ಥರು ಸಹಜವಾಗಿ ಕೇಳುವ ಪ್ರಶ್ನೆ ಇದು. ವಿಮೋಚನಕಾಂಡದ ಮನ್ನದ ಕಥೆಯನ್ನು ಮೇಲುಮೇಲಕ್ಕೆ ಓದಿದವರಿಗೆ ಹಾಗೆಯೇ ತೋರಬಹುದು. ಅರಣ್ಯದಲ್ಲಿ ಇಸ್ರಾಯೇಲ್ಯರು ಬೆಳಗಿನ ಹೊತ್ತು ನೆಲದ ಮೇಲೆ ಕಂಡದ್ದನ್ನು 'ಇದೇನು?' ಎಂದು ಕೇಳಿದರಂತೆ. ಆ ಪ್ರಶ್ನೆಯೇ ಅದಕ್ಕೆ ಹೆಸರಾಗಿ ನಿಂತಿತು. ತಲೆಗೆ ಒಂದು ಓಮೆರಿನಂತೆ ಕೂಡಿಸಿಕೊಳ್ಳತಕ್ಕದ್ದೆಂದು ಅಪ್ಪಣೆಯಾಗಿತ್ತು. ಮರುದಿನಕ್ಕೆಂದು ಉಳಿಸಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಆದರೆ ಆರನೆಯ ದಿನ ಎರಡು ಪಾಲು ಕೂಡಿಸಿಕೊಳ್ಳಲು ಹೇಳಿದವನೂ ಅದೇ ದೇವರೇ. ಆ ದಿನ ಉಳಿಸಿದ್ದು ಕೆಡಲಿಲ್ಲ. ಅದಕ್ಕೂ ಹಿಂದೆ ಐಗುಪ್ತದಲ್ಲಿ ಯೋಸೇಫನು ಏಳು ವರ್ಷಗಳ ಸುಭಿಕ್ಷದ ಬೆಳೆಯನ್ನು ಕಣಜಗಳಲ್ಲಿ ತುಂಬಿಸಿಟ್ಟು ಬರಗಾಲದಲ್ಲಿ ಜನರನ್ನು ಬದುಕಿಸಿದನು. ಮಳೆಗಾಲಕ್ಕೆಂದು ಅಕ್ಕಿ, ಸೌದೆ, ಉಪ್ಪಿನಕಾಯಿಗಳನ್ನು ಒದಗಿಸಿಕೊಳ್ಳುವ ನಮ್ಮ ಗೃಹಿಣಿಯರನ್ನು ಅವಿಶ್ವಾಸಿಗಳೆಂದು ಕರೆಯಲು ಯಾರಿಗೂ ಅಧಿಕಾರವಿಲ್ಲ. ಮನ್ನದ ಕಥೆಯಲ್ಲಿ ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬೇರೆ ಮಾತು: ಅಳೆದು ನೋಡಿದಾಗ ಬಹಳ ಕೂಡಿಸಿದವನಿಗೆ ಮಿಕ್ಕಿರಲಿಲ್ಲ, ಸ್ವಲ್ಪ ಕೂಡಿಸಿದವನಿಗೆ ಕಡಮೆಯಾಗಿರಲಿಲ್ಲ. ಮುದುಕರೂ ಬಾಣಂತಿಯರೂ ಬೆಳಗ್ಗೆ ಎದ್ದು ಬಹಳ ಕೂಡಿಸಿರಲಾರರು. ಆದರೂ ಅವರ ಪಾತ್ರೆ ಬರಿದಾಗಲಿಲ್ಲ.

ಯೆರೂಸಲೇಮಿನ ಮೊದಲ ಸಭೆಯಲ್ಲಿ ಈ ಅಳತೆಯೇ ತಪ್ಪಿತು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವು ಯಾವುದನ್ನೂ ಮುಚ್ಚಿಡದೆ ಇದನ್ನು ಹೇಳುತ್ತದೆ. ದಿನದಿನವೂ ನಡೆಯುತ್ತಿದ್ದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರನ್ನು ಲಕ್ಷಿಸಲಿಲ್ಲವೆಂದು ಗುಣುಗುಟ್ಟುವಿಕೆ ಹುಟ್ಟಿತು. ದೇವರು ಕೊಟ್ಟಿದ್ದನು, ಉಗ್ರಾಣದಲ್ಲಿ ಅನ್ನವೂ ಇತ್ತು. ಬಡಿಸುವ ಕೈಯು ಭಾಷೆಯನ್ನು ನೋಡಿ ಬಡಿಸುತ್ತಿತ್ತು. ಅಪೊಸ್ತಲರು ಆ ಹೆಂಗಸರಿಗೆ ವಿಶ್ವಾಸವನ್ನು ಬೋಧಿಸಲು ಹೋಗಲಿಲ್ಲ. ಏಳು ಮಂದಿಯನ್ನು ಆರಿಸಿ ಹಂಚಿಕೆಗೆ ನೇಮಿಸಿದರು. ಆ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ ಆಗಿರುವುದನ್ನು ಗಮನಿಸಬೇಕು.

ಈಗ ನಮ್ಮ ಕರಾವಳಿಗೆ ಬರೋಣ. ಅನ್ನಕ್ಕೂ ಸಭೆಗೂ ಇರುವ ನಂಟು ಎಷ್ಟು ಗಾಢವಾದದ್ದೆಂಬುದನ್ನು ಕನ್ನಡನಾಡಿನಲ್ಲಿ ಬಾಸೆಲ್ ಮಿಷನ್ನಿನ ಸಭೆಗಳ ಚರಿತ್ರೆಯಂತೆ ತೋರಿಸುವುದು ಬೇರೊಂದಿಲ್ಲ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಅವರ ಮಾತನ್ನು ಕೇಳಿ ದೀಕ್ಷಾಸ್ನಾನ ಹೊಂದಿದವನಿಗೆ ಅಂದು ಮೊದಲು ತಪ್ಪುತ್ತಿದ್ದುದು ಪಂಕ್ತಿ. ಹುಟ್ಟಿದ ಮನೆಯಲ್ಲಿ ಅವನಿಗೆ ಎಲೆ ಹಾಕುವವರಿಲ್ಲ, ಮದುವೆ ಮುಂಜಿಗಳಿಗೆ ಕರೆಯುವವರಿಲ್ಲ, ಸತ್ತರೆ ಹೊರುವವರಿಲ್ಲ. ತುಳುನಾಡಿನಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚಾಗಿದ್ದರು. ಮೂರ್ತೆ ಅವರ ಕುಲದ ಕಸುಬಾಗಿತ್ತು. ಕಳ್ಳಿನ ಸಂಬಂಧವನ್ನು ಮಿಷನ್ನು ಒಪ್ಪದಿದ್ದುದರಿಂದ ನೆಂಟರ ಜೊತೆಗೆ ಕಸುಬೂ ಕೈಬಿಟ್ಟಿತು.

1844ರಲ್ಲಿ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ತರುಣರು ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಅವರ ಪತ್ನಿಯು ಅವರನ್ನು ಅನುಸರಿಸಲಿಲ್ಲ. ಅವರು ಮುಂದೆ ಬಾಸೆಲ್ ನಗರಕ್ಕೆ ಹೋಗಿ ವ್ಯಾಸಂಗಮಾಡಿ, 1851ರಲ್ಲಿ ಬೋಧಕರಾಗಿ ಅಭಿಷೇಕ ಹೊಂದಿ, ಸ್ವದೇಶಕ್ಕೆ ಮರಳಿ ಸೇವೆಯಲ್ಲಿ ತೊಡಗಿದರು. ಸಭೆಯವರು ಇದನ್ನು ಹರ್ಷದಿಂದ ಹೇಳುವರು, ಹೇಳಲಿ. ಆದರೆ ಮಗನನ್ನು ಕಳೆದುಕೊಂಡ ಮನೆಯೊಂದು ಇನ್ನೊಂದು ಬೀದಿಯಲ್ಲಿತ್ತೆಂಬುದನ್ನೂ ಮರೆಯುವುದು ನ್ಯಾಯವಲ್ಲ. ಅಂಥ ದುಃಖಕ್ಕೆ ಎರಡು ಕಡೆಗಳುಂಟು. 1850ರಲ್ಲಿ ಸರ್ಕಾರವು ಒಂದು ಕಾಯಿದೆಯನ್ನು ಮಾಡಿ, ಜಾತಿಭ್ರಷ್ಟನಾದ ಮಾತ್ರಕ್ಕೆ ಪಿತ್ರಾರ್ಜಿತದ ಹಕ್ಕು ಹೋಗದೆಂದು ವಿಧಿಸಿತು. ಕಾಗದದಲ್ಲಿ ಹಕ್ಕು ಉಳಿಯಿತು. ಆದರೆ ಯಾವ ಕಾಯಿದೆಯೂ ಒಬ್ಬನನ್ನು ಪಂಕ್ತಿಯಲ್ಲಿ ಕೂರಿಸಲಾರದು.

ಹೀಗೆ ಹೊರಬಿದ್ದವರಿಗೆ ಅನುದಿನದ ಅನ್ನ ಎಲ್ಲಿಂದ? ಬಾಸೆಲಿನವರು ಇದಕ್ಕೆ ಕೊಟ್ಟ ಉತ್ತರವು ಕೈಗೆಲಸ. 1841ರಲ್ಲಿ ಮುದ್ರಣಾಲಯ, 1851ರಲ್ಲಿ ನೇಯ್ಗೆಯ ಶಾಲೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟರ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚು ದೇಶದ ಮೂಲೆಮೂಲೆಗಳಿಗೂ ಹೋಯಿತು. ಆ ಮಾಡಿನ ಕೆಳಗೆ ಬೆಚ್ಚಗೆ ಮಲಗಿದವರಲ್ಲಿ ಎಷ್ಟು ಮಂದಿಗೆ, ಅದನ್ನು ಒತ್ತಿದ ಕೈಗಳು ಮನೆಯಿಂದ ಹೊರಗಾದವರ ಕೈಗಳೆಂದು ತಿಳಿದಿತ್ತು?

ಇದನ್ನು ಕಂಡು 'ಅಕ್ಕಿಗಾಗಿ ಕ್ರೈಸ್ತರಾದವರು' ಎಂದು ಹಾಸ್ಯಮಾಡಿದವರಿದ್ದರು. ಆ ಹಾಸ್ಯವು ಕ್ರೂರವಾದದ್ದು. ಮೊದಲು ಅನ್ನವನ್ನು ಕಸಿದವರ ಬಾಯಲ್ಲಂತೂ ಅದು ಸಲ್ಲದು. ಹಾಗೆಂದು ಈ ಏರ್ಪಾಡಿನಲ್ಲಿ ಕೊರತೆಯೇ ಇರಲಿಲ್ಲವೆನ್ನಲಾಗದು. ಉಪದೇಶವನ್ನೂ ಕೂಲಿಯನ್ನೂ ಒಂದೇ ಕೈ ಕೊಡುವಾಗ ಕೂಲಿಯವನು ದೇವರನ್ನು ನಂಬಿರುವನೋ ದೊರೆಯನ್ನು ನಂಬಿರುವನೋ ಎಂಬುದು ಅವನಿಗೇ ಸ್ಪಷ್ಟವಾಗಿರದು.

ಪರೀಕ್ಷೆಯ ಕಾಲವು 1914ರಲ್ಲಿ ಬಂದಿತು. ಮಹಾಯುದ್ಧವು ಆರಂಭವಾಗಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು. ಬಳಿಕ ಅವರನ್ನು ಸ್ವದೇಶಕ್ಕೆ ಕಳುಹಿಸಲಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಕೂಲಿ ಕೊಡುವ ಕೈ ಬೇರೆಯಾಯಿತು. ಸಭೆಗಳು ಮಾತ್ರ ಚದರಲಿಲ್ಲ. ಇಲ್ಲಿಯ ಬೋಧಕರೂ ಹಿರಿಯರೂ ಅವನ್ನು ನಡೆಸಿಕೊಂಡು ಬಂದರು. ಅನ್ನಕ್ಕಾಗಿಯೇ ಬಂದ ಕೂಟವಾಗಿದ್ದರೆ ಅನ್ನದಾತನು ಹಡಗು ಹತ್ತಿದ ದಿನವೇ ಅದು ಕರಗಬೇಕಾಗಿತ್ತು.

'ಸಭೆ' ಎಂಬ ಮಾತಿನ ವಿಷಯವಾಗಿಯೂ ಒಂದು ಮಾತು. ಮಂಗಳೂರಿನ ಕಥೋಲಿಕರು ಪೋರ್ಚುಗೀಸರಿಂದ ಬಂದ 'ಇಗರ್ಜಿ' ಎಂಬ ಪದವನ್ನು ಬಳಸುವರು. ಅದು ಹೆಚ್ಚಾಗಿ ಕಟ್ಟಡಕ್ಕೆ ಹೆಸರು. ಪ್ರೊಟೆಸ್ಟಂಟರು ಕಟ್ಟಡವನ್ನು ದೇವಾಲಯವೆಂದೂ ಅದರಲ್ಲಿ ಸೇರುವ ಜನರನ್ನು ಸಭೆಯೆಂದೂ ಕರೆಯುವರು. ಕೂಡಿಬಂದ ಜನ ಎಂಬುದೇ ಮೂಲ ಗ್ರೀಕ್ ಶಬ್ದದ ಅರ್ಥವೂ ಆದ್ದರಿಂದ ಈ ವ್ಯತ್ಯಾಸವು ನಮಗೆ ಬಹಳ ಹಿಡಿಸಿದೆ. ಮಾಡು ಸೋರಿದರೆ ದೇವಾಲಯ ಸೋರೀತು. ಸಭೆಯು ಸೋರುವುದು ಹಸಿದವನೊಬ್ಬನು ಯಾರ ಕಣ್ಣಿಗೂ ಬೀಳದೆ ಮನೆಗೆ ಹಿಂದಿರುಗಿದಾಗ.

ಬಡಸಭೆಗಳು ಹೊರಗಿನ ದಾತರಿಲ್ಲದೆ ಈ ಸೋರಿಕೆಯನ್ನು ಹೇಗೆ ತಡೆಯಬಲ್ಲವು ಎಂಬುದಕ್ಕೆ ಈಶಾನ್ಯದ ಮಿಜೋರಾಮಿನಿಂದ ಒಂದು ಉದಾಹರಣೆ ಕೊಡಬಹುದು. ಅಲ್ಲಿಯ ಗುಡ್ಡಗಳಿಗೆ ಮಿಷನರಿಗಳು ಬಂದದ್ದು 1894ರಲ್ಲಿ. 1910ರ ಸುಮಾರಿಗೆ ಅಲ್ಲಿನ ಪ್ರೆಸ್ಬಿಟೀರಿಯನ್ ಸಭೆಯ ಹೆಂಗಸರು ಹಿಡಿಯಕ್ಕಿಯ ಪದ್ಧತಿಯನ್ನು ಆರಂಭಿಸಿದರು. ಒಲೆಯ ಮೇಲೆ ಅನ್ನಕ್ಕೆ ಇಡುವಾಗಲೆಲ್ಲ ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಗೆ ಹಾಕುವರು. ಅದನ್ನು ಸಭೆಯ ಹೆಂಗಸರು ಮನೆಮನೆಗೆ ಹೋಗಿ ಕೂಡಿಸಿ ಮಾರಿ ಹಣವನ್ನು ಸಭೆಗೆ ಒಪ್ಪಿಸುವರು. ಇಂದಿಗೂ ಆ ಪದ್ಧತಿ ನಡೆಯುತ್ತಿದೆ. ಕೈಯಲ್ಲಿ ಕಾಸಿಲ್ಲದ ಮನೆಯಲ್ಲಿಯೂ ದಿನಕ್ಕೊಮ್ಮೆಯಾದರೂ ಒಲೆ ಹೊತ್ತುವುದರಿಂದ, ಕೊಡುವವರ ಸಾಲಿನಿಂದ ಯಾರೂ ಹೊರಗುಳಿಯುವುದಿಲ್ಲ. ಪಡೆಯುವುದರಿಂದ ಒಬ್ಬನು ಸಭೆಗೆ ಋಣಿಯಾಗುವನು, ಕೊಡುವುದರಿಂದ ಸಭೆಯವನಾಗುವನು.

ನಮ್ಮ ಕಡೆಯ ದೇವಾಲಯಗಳಲ್ಲಿ ಬೆಳೆಯ ಹಬ್ಬದ ದಿನ ಇದನ್ನೇ ಇನ್ನೊಂದು ರೂಪದಲ್ಲಿ ನೋಡಬಹುದು. ಭತ್ತದ ಮುಡಿ, ಬಾಳೆಗೊನೆ, ಕುಂಬಳಕಾಯಿ, ಕೋಳಿಮೊಟ್ಟೆ, ಹೀಗೆ ಅವರವರ ಹಿತ್ತಿಲಲ್ಲಿ ಆದುದನ್ನು ಸಭಿಕರು ತಂದು ಮುಂದಿಡುವರು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ನಡೆಯುವುದು. ಪೇಟೆಯ ಬೆಲೆಗೂ ಆ ಕೂಗಿಗೂ ಯಾವ ಸಂಬಂಧವೂ ಇರುವುದಿಲ್ಲ. ಒಂದೇ ತೆಂಗಿನಕಾಯಿಯನ್ನು ಒಬ್ಬರು ನಾಲ್ಕು ಪಾಲು ಬೆಲೆಗೆ ಕೂಗಿ ಕೊಂಡು, ಮನೆಗೆ ಒಯ್ಯದೆ ಮತ್ತೆ ಏಲಂಗೆ ಒಪ್ಪಿಸುವರು. ಅದನ್ನು ಇನ್ನೊಬ್ಬರು ಕೂಗುವರು. ಆ ಕಾಯನ್ನು ತಂದ ಮುದುಕಿಯು ಗೋಡೆಯ ಪಕ್ಕದಲ್ಲಿ ನಿಂತು, ತನ್ನ ಹಿತ್ತಿಲಿನ ಕಾಯಿ ಕೈಯಿಂದ ಕೈಗೆ ಹೋಗುವುದನ್ನು ನೋಡುತ್ತಿರುವಳು.